ಹಲ್ಲೆಣಿಸಿ ಕಲ್ಲು ಕಟೆಯುವ ದುರ್ಗಪ್ಪ

ಮೂಡಣಕ್ಕೆ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಮೂಡಲಗಿಯ ಅಂಚಿನ ಗಾಣದ ಮನೆಗಳಲ್ಲಿ ಒಲೆಗೆ ಬೆಂಕಿ ಬಿದ್ದು, ಬೆಲ್ಲದ ಕೊಪ್ಪರಿಗೆಯ ಮೊದಲ ಹೊಗೆ ಓಣಿಯ ಮೇಲೆ ತೆಳ್ಳಗೆ ಹಾಸಿಕೊಂಡಿದೆ. ಪರಸಪ್ಪನ ಹಿತ್ತಲಿನಲ್ಲಿ ಗೋಣಿತಟ್ಟಿನ ಮೇಲೆ ಕೂತ ದುರ್ಗಪ್ಪ ಬೀಸುವ ಕಲ್ಲಿನ ಮೇಲೆ ಚಾಣ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದಾನೆ. ಟಣ್, ಟಣ್, ಟಣ್. ಮೂರು ಪೆಟ್ಟು, ಒಂದು ಊದು. ಊದಿದಾಗ ಎದ್ದ ಕಲ್ಲಿನ ಪುಡಿ ಹುಬ್ಬಿನ ಮೇಲೆ ಕೂತು, ಮೊದಲೇ ಬೆಳ್ಳಗಾದ ಹುಬ್ಬನ್ನು ಇನ್ನಷ್ಟು ಬೆಳ್ಳಗೆ ಮಾಡುತ್ತದೆ. ಅದನ್ನು ಅವನು ಒರೆಸಿಕೊಳ್ಳುವುದಿಲ್ಲ. ಕೆಲಸ ಮುಗಿದ ಮೇಲೆ ಒಂದೇ ಸಲ ಒರೆಸಿದರಾಯಿತು ಎಂಬುದು ಅವನ ಲೆಕ್ಕ.

ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತ ಮನೆಯ ಯಜಮಾನ ಪರಸಪ್ಪನಿಗೆ ಎಪ್ಪತ್ತು ದಾಟಿದೆ. ದುರ್ಗಪ್ಪ ಸುತ್ತಿಗೆ ಕೆಳಗಿಟ್ಟು ಅವನ ಮುಂದೆ ಬಂದು ನಿಲ್ಲುತ್ತಾನೆ.

"ಬಾಯಿ ತೆಗೀರಿ ಯಜಮಾನ್ರ."

ಪರಸಪ್ಪ ಬಾಯಿ ತೆಗೆಯುತ್ತಾನೆ. ದುರ್ಗಪ್ಪ ಬಗ್ಗಿ, ಬೆಳಕಿನ ಕಡೆಗೆ ಗದ್ದ ತಿರುಗಿಸಲು ಹೇಳಿ, ಗಾಳಿಯಲ್ಲಿ ಬೆರಳು ಆಡಿಸುತ್ತ ಎಣಿಸುತ್ತಾನೆ. "ಹನ್ನೊಂದು. ಹೋದ ಸಲಾನೂ ಹನ್ನೊಂದ ಇದ್ದುವು."

"ನಿನಗ ಅಂಜಿ ಒಂದೂ ಬಿದ್ದಿಲ್ಲೋ ಮಾರಾಯಾ. ತಿಂಗಳಾತಂದ್ರ ಎಣಸಾಕ ಬರ್ತಾನ ಅಂತ ಬಿಗೀ ಹಿಡಕೊಂಡ ಕುಂತಾವು."

"ದವಡಿಯಾಗ ಎಷ್ಟ ಅದಾವ ಅನ್ನೂದು ಮುಖ್ಯರಿ. ಮುಂದಿನಾವು ಬರೇ ನಗಾಕ," ಅನ್ನುತ್ತ ದುರ್ಗಪ್ಪ ಮತ್ತೆ ಗೋಣಿತಟ್ಟಿಗೆ ಹೋಗಿ ಕೂಡುತ್ತಾನೆ. ಆದರೆ ಚಾಣ ಎತ್ತುವ ಮೊದಲು ಕತ್ತು ವಾರೆ ಮಾಡಿ, ನಡುಗೋಡೆಯ ಆಚೆಗೆ ಕಿವಿ ಕೊಡುತ್ತಾನೆ. ಅಲ್ಲಿ ವೀರಪ್ಪನ ಮನೆ. ಅಲ್ಲಿಂದ ಕೋಳಿಯ ಸದ್ದು ಬರುತ್ತಿದೆ, ಕೊಡ ಇಟ್ಟ ಸದ್ದು ಬರುತ್ತಿದೆ. ಕಲ್ಲು ತಿರುಗುವ ಸದ್ದು ಮಾತ್ರ ಇಲ್ಲ.

"ಇವತ್ತ ಗಡುವು ಅಲ್ಲಾ?" ಅನ್ನುತ್ತಾನೆ ಪರಸಪ್ಪ.

"ಹೌದ್ರಿ. ಇವತ್ತ."

ಗಡುವಿನ ಕತೆಗೆ ಆಮೇಲೆ ಬರಬಹುದು. ಮೊದಲು ಈ ಹಲ್ಲೆಣಿಕೆಯ ಸಂಗತಿ. ಬೀಸುವ ಕಲ್ಲು ಎರಡು ಮೂರು ತಿಂಗಳು ತಿರುಗಿತೆಂದರೆ ಅದರ ಮೈ ಸವೆದು ನುಣುಪಾಗುತ್ತದೆ. ಕಾಳು ಒಡೆಯದೆ ಜಾರುತ್ತದೆ. ಆಗ ಅದರ ಮೈಮೇಲೆ ಚಾಣದಿಂದ ಸಣ್ಣ ಸಣ್ಣ ಗುಳಿ ಹೊಡೆಯಬೇಕು. ಹೆಂಗಸರು ಇದಕ್ಕೆ ಕಲ್ಲಿಗೆ ಮುಳ್ಳು ಹಾಕಿಸುವುದು ಅನ್ನುತ್ತಾರೆ. ಈ ಕೆಲಸ ಮಾಡುವವರು ಗೋಕಾಕ ಸೀಮೆಯಲ್ಲಿ ಮೊದಲು ಹತ್ತಾರು ಮಂದಿ ಇದ್ದರು. ಅವರೆಲ್ಲ ಎಲ್ಲ ಕಲ್ಲಿಗೂ ಒಂದೇ ನಮೂನೆ ಹೊಡೆದು ಹೋಗುತ್ತಿದ್ದರು. ದುರ್ಗಪ್ಪ ಹಾಗಲ್ಲ. ಹೊಸ್ತಿಲ ಹೊರಗೆ ನಿಂತು ಮೊದಲು ಕೇಳುವ ಮಾತು, "ಮನ್ಯಾಗ ಎಲ್ಲಾರಕಿಂತ ಹಿರೇರು ಯಾರ್ರಿ? ಹಲ್ಲು ಎಷ್ಟ ಅದಾವ?" ದವಡೆ ಗಟ್ಟಿ ಇದ್ದರೆ ಗುಳಿಗಳನ್ನು ದೂರ ದೂರ ಹೊಡೆಯುತ್ತಾನೆ, ನುಚ್ಚು ದಪ್ಪ ಬರುತ್ತದೆ. ಬರೀ ವಸಡಾದರೆ ಒತ್ತೊತ್ತಾಗಿ ಹೊಡೆದು, ನಡುವಿನ ಗೂಟಕ್ಕೆ ಅರಿವೆಯ ತೆಳ್ಳನೆಯ ಸಿಂಬಿ ಸುತ್ತಿ, ಮೇಲಿನ ಕಲ್ಲು ಎಷ್ಟು ಎತ್ತರ ಏಳಬೇಕೋ ಅಷ್ಟೇ ಏಳಿಸುತ್ತಾನೆ. ಆಗ ಜೋಳ ಹಿಟ್ಟೂ ಆಗದೆ ದಪ್ಪವೂ ಉಳಿಯದೆ, ಕುದಿಸಿದರೆ ನಾಲಿಗೆ ಮೇಲೆಯೇ ಕರಗುವಂಥ ಸಣ್ಣ ನುಚ್ಚಾಗುತ್ತದೆ. ಸಿಪ್ಪೆಯ ಸತ್ವವೂ ಅದರಲ್ಲೇ ಉಳಿಯುತ್ತದೆ.

ಗೋಕಾಕದ ವಡ್ಡರ ಓಣಿ ಅವನ ಮನೆ. ವಯಸ್ಸು ಅರವತ್ತೆರಡು ಇರಬಹುದು ಅನ್ನುತ್ತಾನೆ, ಹೆಂಡತಿ ಸಾತವ್ವ ಅರವತ್ತೈದು ಅನ್ನುತ್ತಾಳೆ. ತಿಂಗಳಲ್ಲಿ ಹದಿನೈದು ದಿನ ಮೂಡಲಗಿ ಕಡೆ, ಹದಿನೈದು ದಿನ ಹುಕ್ಕೇರಿ ಕಡೆ ಅವನ ಸುತ್ತಾಟ. ದಿನಕ್ಕೆ ಆರೇಳು ಮೈಲಿ ನಡಿಗೆ. ದಾರಿಯಲ್ಲಿ ಕಬ್ಬಿನ ಚಕ್ಕಡಿ ಸಿಕ್ಕರೆ ಹಿಂದೆ ಹತ್ತಿ ಕೂಡುತ್ತಾನೆ. ಹೆಗಲಿಗೆ ಚರ್ಮದ ಚೀಲ, ಅದರಲ್ಲಿ ಐದು ಚಾಣ, ಎರಡು ಸುತ್ತಿಗೆ, ಒಂದು ಗೋಣಿತಟ್ಟು, ಸ್ವಂತದ ಹಿತ್ತಾಳೆ ಚರಗಿ. ಒಂದು ಕಲ್ಲಿಗೆ ಏಳುನೂರು ಪೆಟ್ಟು ಬೀಳಬೇಕು ಅನ್ನುವುದು ಅವನ ಅಂದಾಜು. ಕೂಲಿ ಒಂದು ಸೇರು ಜೋಳ. ಮೊದಲು ಹೊತ್ತು ಮುಳುಗುವುದರೊಳಗೆ ಎಂಟು ಕಲ್ಲು ಮುಗಿಯುತ್ತಿದ್ದವು. ಈಗ ಎರಡು ಸಿಕ್ಕರೆ ಆ ದಿನ ಹಬ್ಬ.

ಯಾಕೆಂದರೆ ಊರೂರಿಗೂ ಹಿಟ್ಟಿನ ಗಿರಣಿ ಬಂದಿದೆ. ಎಣ್ಣೆಯ ಇಂಜಿನ್ನು ಡುಗು ಡುಗು ಅನ್ನುತ್ತ, ಹೆಂಗಸರು ಬೆಳಗಿನ ಜಾವವೆಲ್ಲ ಬೀಸುತ್ತಿದ್ದ ಜೋಳವನ್ನು ಒಂದು ಚಹಾ ಕುಡಿಯುವುದರೊಳಗೆ ಹಿಟ್ಟು ಮಾಡಿ ಕೊಡುತ್ತದೆ. ದುರ್ಗಪ್ಪನಿಗೆ ಗಿರಣಿಯ ಮೇಲೆ ಸಿಟ್ಟಿಲ್ಲ. "ನಮ್ಮ ಅವ್ವ ಬೀಸಿ ಬೀಸಿ ರಟ್ಟಿ ಬಿದ್ದ ಸತ್ತಾಳ್ರಿ. ಹೆಣಮಕ್ಕಳ ರಟ್ಟಿ ಉಳಸಿದ ಇಂಜಿನ್ನಿಗೆ ನಾ ಯಾಕ ಬೈಲಿ?" ಅನ್ನುತ್ತಾನೆ. "ಹಿಟ್ಟಿನ ಕೆಲಸ ಗಿರಣಿಗಿ ಹೋಗ್ಲಿ. ಆದ್ರ ನುಚ್ಚು ಒಡದ ಕೊಡು ಅಂದ್ರ ಗಿರಣಿಯವ ಕೈ ಮುಗೀತಾನ. ಒಂದು ಮುದುಕೀದೊಂದು ಸೇರು ಜೋಳಕ್ಕ ಅಂವ ತನ್ನ ಕಲ್ಲು ಎತ್ತಿ ಇಳಸ್ತಾನೇನ್ರಿ? ಅದಕ್ಕ ಮನೀಗೆ ಒಂದು ಕಲ್ಲು ಇರಬೇಕು. ಅಷ್ಟ ನಂದು."

ಎಡಗಣ್ಣಿನ ಕೆಳಗೆ ಒಂದು ಗಾಯದ ಕಲೆ ಇದೆ, ಸಿಡಿದ ಚೂರು ಬಡಿದದ್ದು. ಕಲ್ಲಿನ ಪುಡಿ ಕುಡಿದು ಕುಡಿದು ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಅದನ್ನು ಕೇಳಿದರೆ ನಗುತ್ತಾನೆ. ಆದರೆ ಹಲ್ಲು ಎಣಿಸುವ ಚಟ ಯಾವಾಗ ಹತ್ತಿತು ಎಂದು ಕೇಳಿದರೆ ನಗು ನಿಂತುಬಿಡುತ್ತದೆ.

ನಲವತ್ತೇಳರ ಮಾತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಅವನ ಅಪ್ಪ ಸತ್ತೆಪ್ಪ ಹಲ್ಲೆಲ್ಲ ಉದುರಿ ಮನೆ ಹಿಡಿದಿದ್ದ. ಜೀವಮಾನವಿಡೀ ಕಲ್ಲು ಒಡೆದು ಮಕ್ಕಳನ್ನು ಸಾಕಿದ ಅಪ್ಪನಿಗೆ ಕೊನೆಗಾಲದಲ್ಲಾದರೂ ಅನ್ನ ಉಣ್ಣಿಸಬೇಕು ಎಂದು ದುರ್ಗಪ್ಪನ ಮನಸ್ಸು. ಆ ಸೀಮೆಯಲ್ಲಿ ಅನ್ನ ಎಂದರೆ ಹಬ್ಬದ ಊಟ, ಬೀಗರು ಬಂದರೆ ಮಾಡುವ ಊಟ. ರೇಶನ್ನಿನ ಕಾಲ, ಅಕ್ಕಿ ಸಿಗುವುದೇ ಕಷ್ಟ. ದುರ್ಗಪ್ಪ ಕೂಲಿಯ ಜೋಳವನ್ನೆಲ್ಲ ಸಂತೆಯಲ್ಲಿ ಕೊಟ್ಟು, ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿ ತಂದ. ಹೆಂಡತಿ ಮಕ್ಕಳು ಹಳಸಿದ ರೊಟ್ಟಿ ತಿಂದರೂ ಅಪ್ಪನ ತಾಟಿಗೆ ಎರಡು ಹೊತ್ತೂ ಅನ್ನ, ಮೇಲೆ ಸಕ್ಕರೆ. ಪಲ್ಯ ಹಾಕಿದರೆ ಅಪ್ಪನಿಗೆ ಅಗಿಯಲು ಬಾರದು, ಬೇಡ. ಬೇಳೆ ಹಾಕಿದರೆ ವಾಯು, ಬೇಡ.

"ನಾ ಮರ್ಯಾದಿ ತಿನಸಾಕತ್ತೇನಿ ಅಂತ ತಿಳಕೊಂಡಿದ್ದೆರಿ," ಅನ್ನುತ್ತಾನೆ. "ಓಣ್ಯಾಗ ಎಲ್ಲಾರೂ ಮಗ ಅಂದ್ರ ದುರ್ಗಪ್ಪ ಅಂತಿದ್ರು. ಅಪ್ಪನೂ ಬ್ಯಾಡ ಅನ್ನಲಿಲ್ಲ. ಮಗ ಇಷ್ಟ ಹಚಗೊಂಡ ಮಾಡಾಕತ್ತಾನ ಅಂತ ಸುಮ್ಮಕ ಉಂಡ. ಮೊದಲ ಕಾಲು ಜುಮು ಜುಮು ಅಂದುವು. ಆಮ್ಯಾಲ ಬಾತುವು. ಹೆಬ್ಬಟ್ಟ ಒತ್ತಿದ್ರ ಗುಳಿ ಬೀಳ್ತಿತ್ತು, ಮ್ಯಾಲ ಏಳತಿರಲಿಲ್ಲ. ಒಂದ ದಿನ ನನ್ನ ಕಿವ್ಯಾಗ ಅಂದ, ತಮ್ಮಾ, ಒಂದೀಟ ನುಚ್ಚು ಮಜ್ಜಿಗಿ ಸಿಗತೈತೇನೋ ಅಂತ. ನಾಳೆ ಮಾಡಸ್ತೇನಿ ಅಂದೆ. ನಮ್ಮ ಮನಿ ಕಲ್ಲು ಸವದಿತ್ತು, ಮುಳ್ಳು ಹಾಕಬೇಕಿತ್ತು. ಊರ ಕೆಲಸದಾಗ ನನಗ ಹೊತ್ತ ಸಿಗಲಿಲ್ಲ. ನಾಕ ದಿನದಾಗ ಹೋದ."

ಅಂದಿನಿಂದ ಅವನ ಹಲ್ಲೆಣಿಕೆ ಶುರುವಾಯಿತು. ಈಗ ಯಾವ ಊರಿನ ಹೆಸರು ಹೇಳಿದರೂ ಅಲ್ಲಿಯ ಹಿರಿಯರ ಬಾಯಿಯೇ ಅವನ ಕಣ್ಣ ಮುಂದೆ ಬರುತ್ತದೆ. ಹತ್ತರಗಿಯಲ್ಲಿ ರಸ್ತೆಯ ಬಾಜೂ ಐದು ಮನೆ, ಐದರಲ್ಲೂ ವಸಡು. ದಡ್ಡಿಯಲ್ಲಿ ಎಂಬತ್ತು ದಾಟಿದ ಮಾಲಿಂಗಪ್ಪನಿಗೆ ಇಪ್ಪತ್ತೆಂಟು ಹಲ್ಲು. ಅವನು ನದಿಯ ದಂಡೆಯಲ್ಲಿ ನಿಂತು, "ಎಣಸ್ಕೋ ಬಾರಲೇ" ಎಂದು ದುರ್ಗಪ್ಪನನ್ನು ದೂರದಿಂದಲೇ ಕರೆಯುತ್ತಾನೆ. ಆ ಮನೆಯಲ್ಲಿ ಕಲ್ಲೇ ಇಲ್ಲ, ಆದರೂ ದುರ್ಗಪ್ಪ ಹೋಗಿ ಎಣಿಸಿ ಬರುತ್ತಾನೆ. "ಒಬ್ಬರ ಮನ್ಯಾಗರ ಲೆಕ್ಕ ಕಡಿಮಿ ಆಗದ ಇದ್ರ ಮನಸಿಗಿ ಚಲೋ ಅನಸತೈತ್ರಿ."

ಇನ್ನು ಗಡುವಿನ ಕತೆ. ಹೋದ ತಿಂಗಳು ಇದೇ ಹೊತ್ತಿಗೆ ದುರ್ಗಪ್ಪ ವೀರಪ್ಪನ ಮನೆಗೆ ಬಂದಿದ್ದ. ಕಾಲುವೆಯ ನೀರು, ಕಬ್ಬು, ಎರಡು ವರ್ಷ ಒಳ್ಳೆಯ ಬೆಳೆ; ವೀರಪ್ಪ ಹಳೆಯ ಮನೆಯ ಹಿಂದೆಯೇ ಹೊಸ ಬಚ್ಚಲುಮನೆ ಕಟ್ಟಿಸುತ್ತಿದ್ದ. ಬೀಸುವ ಕಲ್ಲು ಗೋಡೆಗೆ ಒರಗಿ ನಿಂತಿತ್ತು, ಅದರ ಮೇಲೆ ಕೋಳಿ ಕೂತಿತ್ತು. ದುರ್ಗಪ್ಪನನ್ನು ಕಂಡು ವೀರಪ್ಪನಿಗೆ ಖುಷಿಯಾಯಿತು.

"ಬಾ ದುರ್ಗಪ್ಪಾ, ಬರೋಬ್ಬರಿ ಹೊತ್ತಿಗೆ ಬಂದಿ. ಈ ಕಲ್ಲಿನ ಮೈ ತೊಳದಂಗ ಸಪಾಟ ಮಾಡು. ಬಚ್ಚಲ ಬಾಗಲದ ಮೆಟ್ಟಲಕ್ಕ ಹಾಕ್ತೇವಿ. ಮುಳ್ಳು ಇದ್ರ ಕಾಲಿಗಿ ಚುಚ್ಚತಾವ."

ಇಪ್ಪತ್ತು ವರ್ಷ ತಾನೇ ಮುಳ್ಳು ಹಾಕಿದ ಕಲ್ಲು. ದುರ್ಗಪ್ಪ ಅದರ ಮೇಲಿನ ಕೋಳಿಯನ್ನು ಓಡಿಸಿದ. ರೂಢಿಯ ಮಾತೇ ಬಾಯಿಗೆ ಬಂತು: "ಅಕ್ಕವ್ವಾಯಿ ಎಲ್ಲಿ ಅದಾರ್ರಿ?"

ಅಕ್ಕವ್ವ ವೀರಪ್ಪನ ತಾಯಿ. ಎಪ್ಪತ್ತೈದರ ಮುದುಕಿ. ಹಿಂದಿನ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ತಲೆದಿಂಬಿನ ಕೆಳಗೆ ಬಿಸ್ಕೀಟು, ಸಕ್ಕರೆ ಡಬ್ಬಿ. ಮಗ ಗೋಕಾಕದಿಂದ ಪ್ರೀತಿಯಿಂದ ತಂದ ಕರದಂಟು ಕೂಡ ಇತ್ತು. ಮೂರೇ ಹಲ್ಲಿನ ತಾಯಿಗೆ ಗೋಡಂಬಿ, ಬದಾಮಿ, ಅಂಟು! ಅದನ್ನು ಮೊಮ್ಮಕ್ಕಳು ದಿನಾ ಬಂದು ಆಯಿಯ ಆರೋಗ್ಯ ವಿಚಾರಿಸಿ ಒಂದೊಂದು ತುಂಡು ಒಯ್ಯುತ್ತಿದ್ದರು.

ಸೊಸೆ ಸಾವಿತ್ರವ್ವ ಒಳ್ಳೆಯ ಮನಸ್ಸಿನ ಹೆಣ್ಣುಮಗಳು. ಅತ್ತೆಗೆ ಎರಡು ಹೊತ್ತು ಅನ್ನ, ಹಾಲು, ಸಕ್ಕರೆ, ದಿನಕ್ಕೆ ಐದು ಸಲ ಚಹಾ. "ರೊಟ್ಟಿ ನುಚ್ಚು ಕೊಟ್ರ ಮಂದಿ ಏನ್ ಅಂದಾರ್ರಿ? ಇಷ್ಟ ಇದ್ದ ಮನ್ಯಾಗ ಅತ್ತಿಗಿ ನುಚ್ಚು ಹಾಕ್ಯಾಳ ಅನ್ನೂದಿಲ್ಲೇನು?" ಅಂದಳು. ದುರ್ಗಪ್ಪ ಪಡಸಾಲೆಯ ಹೊರಗೆ ನಿಂತೇ ಅಕ್ಕವ್ವನ ಪಾದ ನೋಡಿದ. ಹೆಬ್ಬೆರಳಿನಿಂದ ಒಂದು ಸಲ ಒತ್ತಿ ನೋಡು ಎಂದು ಸಾವಿತ್ರವ್ವನಿಗೆ ಹೇಳಿದ. ಒತ್ತಿದಲ್ಲಿ ಗುಳಿ ಬಿತ್ತು. ಮೇಲೆ ಏಳಲಿಲ್ಲ.

ಚೀಲ ಬಿಚ್ಚದೆ ದುರ್ಗಪ್ಪ ವೀರಪ್ಪನ ಮುಂದೆ ಬಂದು ನಿಂತ. "ಯಜಮಾನ್ರ, ಒಂದು ಮಾತು. ಮೊದಲ ಅಕ್ಕವ್ವಾಯಿನ್ನ ಗೋಕಾಕದಾಗ ಡಾಕ್ಟರಿಗಿ ತೋರಸ್ರಿ. ಕಲ್ಲಿಗಿ ಒಂದ ತಿಂಗಳ ಗಡುವು ಕೊಡ್ರಿ. ನಾ ಮುಳ್ಳು ಹಾಕಿ ಕೊಡ್ತೇನಿ, ಕೂಲಿ ಬ್ಯಾಡ. ದಿನಾ ಇದರ ನುಚ್ಚು ಕುದಿಸಿ ಮಜ್ಜಿಗ್ಯಾಗ ಕೊಡ್ರಿ, ಪಲ್ಯ ಮೆತ್ತಗ ಬೇಯಿಸಿ ಕೊಡ್ರಿ. ತಿಂಗಳದ ಮ್ಯಾಲ ಆಯಿ ಹೊರಸಿಂದ ಎದ್ದ ಆ ಬೇವಿನ ಗಿಡದ ತನಕಾ ನಡೀಲಿಲ್ಲಂದ್ರ, ನಾನ ಕೈಯಾರೆ ಕಲ್ಲು ಸಪಾಟ ಮಾಡಿ ಮೆಟ್ಟಲಾ ಹಾಕಿ ಹೋಗ್ತೇನಿ. ಮತ್ತ ಈ ಓಣ್ಯಾಗ ಯಾರ ಬಾಯೀನೂ ತೆಗೀರಿ ಅನ್ನೂದಿಲ್ಲ."

ಹೊರಸಿನಿಂದ ಬೇವಿನ ಗಿಡಕ್ಕೆ ಇಪ್ಪತ್ತು ಹೆಜ್ಜೆ. ನಡುಗೋಡೆಯ ಮೇಲಿಂದ ಇಣುಕಿ ನೋಡುತ್ತಿದ್ದ ಪರಸಪ್ಪ ಸಾಕ್ಷಿಯಾದ. ವೀರಪ್ಪ ನಕ್ಕು, "ಮಾತಂದ್ರ ಮಾತು" ಅಂದ. ದುರ್ಗಪ್ಪ ಅಂದೇ ಮೂರು ಹಲ್ಲಿನ ಅಳತೆಗೆ ಕಲ್ಲಿಗೆ ಮುಳ್ಳು ಹಾಕಿ ಹೋದ.

ಗೋಕಾಕದ ಡಾಕ್ಟರು ಶಿದ್ರಾಮ ಅವರು ಅಕ್ಕವ್ವನನ್ನು ನೋಡಿದ್ದು ಆ ವಾರವೇ. ಗುಳಿಗೆ ಕೊಟ್ಟರು, ತಾಟು ಬದಲಿಸಿರಿ ಎಂದೂ ಹೇಳಿದರು. ಅವರ ಮಾತು ಹೀಗಿದೆ: "ಮೈ ಅಂದ್ರ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳ ಊರು. ಹಳೇವು ಸಾಯ್ತಾವ, ಹೊಸಾವು ಹುಟ್ಟತಾವ. ಹರೇದಾಗ ಈ ದುರಸ್ತಿ ಭರಾಟಿಲೆ ನಡೀತೈತಿ, ವಯಸ್ಸಾದಂಗ ನಿಧಾನ ಆಗತೈತಿ. ನಿಧಾನ ಆದಾಗ ಸಾಮಾನು ಇನ್ನೂ ಚಲೋದು ಕೊಡಬೇಕು. ನಾವು ಉಲ್ಟಾ ಮಾಡ್ತೇವಿ. ಮುದುಕರಿಗೆ ಮೆತ್ತಗಿರಲಿ ಅಂತ ಸಿಪ್ಪಿ ತೆಗದದ್ದು, ಸತ್ವ ತೆಗದದ್ದು ಕೊಡ್ತೇವಿ. ಅಕ್ಕಿ ವೈರಿ ಅಲ್ಲ. ಬರೇ ಅಕ್ಕಿ, ಬರೇ ಸಕ್ರಿ ವೈರಿ. ಜೊತೀಗೆ ಕಾಳು, ಪಲ್ಯ, ಮಜ್ಜಿಗಿ ಬೇಕು. ಮುಪ್ಪು ಯಾರಿಗೂ ತಪ್ಪೂದಿಲ್ಲ, ಆದ್ರ ಮುಪ್ಪಿನ್ಯಾಗ ಎದ್ದ ತಿರಗ್ಯಾಡೂದು ಬ್ಯಾರೆ, ಬಿದ್ದಕೊಂಡಿರೂದು ಬ್ಯಾರೆ."

ಈ ಮಾತನ್ನು ದುರ್ಗಪ್ಪನಿಗೆ ಯಾರೋ ತಿಳಿಸಿದಾಗ ಅವನು ಬಹಳ ಹೊತ್ತು ತಲೆದೂಗಿದನಂತೆ. ಆಮೇಲೆ ಅಂದನಂತೆ, "ಡಾಕ್ಟರ್ರು ನನ್ನ ಕಸಬಿನ ಮಾತ ಹೇಳ್ಯಾರ. ಕಲ್ಲು ತಿರಗಿದ್ರ ಸವೀತೈತಿ, ಅದನ್ನ ಯಾರೂ ನಿಲ್ಲಸಾಕ ಆಗೂದಿಲ್ಲ. ಮ್ಯಾಲಿಂದ ಮ್ಯಾಲ ಮುಳ್ಳು ಹಾಕಿಸ್ಕೊಂತ ಇರಬೇಕು, ಅಷ್ಟ."

ಹೊತ್ತು ಮಾರುದ್ದ ಏರಿದೆ. ಪರಸಪ್ಪನ ಕಲ್ಲು ಮುಗಿಯಿತು. ದುರ್ಗಪ್ಪ ಹುಬ್ಬು ಒರೆಸಿಕೊಂಡು, ಚರಗಿಯಿಂದ ನೀರು ಕುಡಿದು, ಚೀಲ ಹೆಗಲಿಗೇರಿಸಿ ವೀರಪ್ಪನ ಹಿತ್ತಲಿಗೆ ಹೋಗುತ್ತಾನೆ. ಪರಸಪ್ಪ ಕಂಬಳಿ ಸಮೇತ ಹಿಂದೆಯೇ. ಸಾಕ್ಷಿ ಇಲ್ಲದೆ ನ್ಯಾಯ ಆಗಬಾರದಲ್ಲ.

ಬಚ್ಚಲುಮನೆ ಮುಗಿದಿದೆ. ಹೊಸ್ತಿಲ ಕೆಳಗೆ ಮೆಟ್ಟಿಲಿನ ಜಾಗ ಮಾತ್ರ ಬಾಯಿ ತೆರೆದುಕೊಂಡು ಖಾಲಿ ಇದೆ. ಕಲ್ಲು ಪಡಸಾಲೆಯ ಎದುರು ಅಂಗಳದಲ್ಲಿ ಕೂತಿದೆ, ಪಕ್ಕದಲ್ಲಿ ತೊಯ್ಸಿದ ಜೋಳದ ಬುಟ್ಟಿ. ಅಕ್ಕವ್ವ ಹೊರಸಿನ ಮೇಲೆ ಗೋಡೆಗೆ ಒರಗಿ ಎದ್ದು ಕೂತಿದ್ದಾಳೆ. ಪಾದದ ಬಾವು ಇಳಿದಿದೆ. ಮುಖ ಸಣ್ಣದಾಗಿದೆ, ಕಣ್ಣು ದೊಡ್ಡವಾಗಿವೆ. ಆ ಕಣ್ಣಿನಿಂದ ಅವಳು ಎಲ್ಲರನ್ನೂ ಒಂದು ಸುತ್ತು ನೋಡುತ್ತಾಳೆ.

"ಏನ್ಲೇ, ಎಲ್ಲಾರೂ ಕೂಡಿ ಬಂದೀರಿ. ಸತ್ತೇನಿ ಅಂತ ಯಾರರ ಹೇಳಿದ್ರೇನು?"

"ಯವ್ವಾ, ಇವತ್ತ ತಿಂಗಳಾತು," ಅನ್ನುತ್ತಾನೆ ವೀರಪ್ಪ. "ಬೇವಿನ ಗಿಡದ ತನಕಾ ಒಂದೀಟ ನಡದ ತೋರಸು."

"ಯಾಕ? ನಾ ಏನ್ ಸಂತ್ಯಾಗಿನ ಎತ್ತೇನು, ನಡಿಗಿ ನೋಡಿ ಕೊಳ್ಳಾಕ? ಹಲ್ಲೂ ಎಣಸವ್ನನ್ನ ಕರಕೊಂಡ ಬಂದಿ, ವ್ಯಾಪಾರ ಬರೋಬ್ಬರಿ ಐತಿ."

ಪರಸಪ್ಪ ಕಂಬಳಿಯೊಳಗೆ ನಗುತ್ತಾನೆ. "ಅಕ್ಕವ್ವಾ, ಎದ್ದೇಳಬೇ. ಪಾಪ, ದುರ್ಗಪ್ಪನ ಪಣಾ ಐತಿ."

"ಪಣಾ ಹಾಕಂತ ನಾ ಹೇಳಿದ್ನೇನು? ನಿಮ್ಮ ಪಣಕ್ಕ ನನ್ನ ಕಾಲು ಯಾಕ ಬೇಕು? ಅಂವ ಹಾಕ್ಯಾನ, ಅಂವನ ನಡೀಲಿ."

ಬೇಡಿಕೊಂಡರು, ಪುಸಲಾಯಿಸಿದರು. ಅಕ್ಕವ್ವ ಗೋಡೆಗೆ ಇನ್ನಷ್ಟು ಗಟ್ಟಿಯಾಗಿ ಒರಗಿದಳು. ವೀರಪ್ಪ ದುರ್ಗಪ್ಪನ ಕಡೆ ನೋಡಿ ಕೈ ಚೆಲ್ಲುತ್ತಾನೆ. ಅವನ ಮುಖದಲ್ಲಿ ಗೆದ್ದ ಖುಷಿಗಿಂತ ಮುಜುಗರವೇ ಹೆಚ್ಚು. ದುರ್ಗಪ್ಪ ಗೋಣಿತಟ್ಟು ಹಾಸುತ್ತಾನೆ, ಚೀಲದ ದಾರ ಬಿಚ್ಚುತ್ತಾನೆ. ಸಪಾಟು ಮಾಡುವ ಅಗಲ ಚಾಣ ಚೀಲದ ತಳದಲ್ಲಿರುತ್ತದೆ, ಅದು ಬೇಗ ಕೈಗೆ ಸಿಗುತ್ತಿಲ್ಲ.

ಸಾವಿತ್ರವ್ವನಿಗೆ ತಡೆಯಲಾಗಲಿಲ್ಲ. "ಇವತ್ತಿಂದೊಂದು ಬೀಸಿ ಬಿಡ್ತೇನ್ರಿ, ತೊಯ್ಸಿ ಇಟ್ಟೇನಿ," ಅನ್ನುತ್ತ ಕಲ್ಲಿನ ಮುಂದೆ ಕೂತು, ಅದರ ಬಾಯಿಗೆ ಒಂದು ಹಿಡಿ ಜೋಳ ಸುರಿದು, ಹಿಡಿಕೆ ಹಿಡಿದು ತಿರುಗಿಸಿದಳು. ಅವಸರದಲ್ಲಿ ತಿರುಗಿಸಿದಳು. ಕಲ್ಲು ಗರಗರ ಅಂದಿತು, ಎಗರಿತು, ಮತ್ತೆ ಕಡಕಡ ಅಂದಿತು. ಗೂಟದ ಸಿಂಬಿ ಎಲ್ಲೋ ಜಾರಿದೆ ಎಂದು ದುರ್ಗಪ್ಪನ ಕಿವಿಗೆ ಗೊತ್ತಾಯಿತು. ಅವನಿಗಿಂತ ಮೊದಲು ಇನ್ನೊಂದು ಕಿವಿಗೆ ಗೊತ್ತಾಗಿತ್ತು.

"ಏ ಸಾವಿತ್ರೀ! ಅದೇನ್ ಬೀಸಾಕತ್ತೀಯೋ, ಬಂಡಿ ಹೊಡ್ಯಾಕತ್ತೀಯೋ? ಒಂದ ಕಡೆ ಹಿಟ್ಟು, ಒಂದ ಕಡೆ ಇಡೀ ಕಾಳು ಬೀಳಾಕತ್ತಾವ ಅದ್ರಾಗ!"

"ಬರೋಬ್ಬರಿ ಐತಿ ಅತ್ತಿ."

"ಬರೋಬ್ಬರಿ ಅಂತ! ಐವತ್ತ ವರ್ಷ ಈ ಕಲ್ಲು ತಿರವೇನಿ ನಾ. ಬಿಡು ಅದನ್ನ. ಬಿಡು ಅಂದ್ನಿಲ್ಲೋ?"

ಅನ್ನುತ್ತ ಅಕ್ಕವ್ವ ಹೊರಸಿನಿಂದ ಕಾಲು ಇಳಿಬಿಟ್ಟಳು. ಒಂದು ಕೈ ಗೋಡೆಗೆ, ಒಂದು ಕೈ ಮೊಣಕಾಲಿಗೆ. ಎದ್ದಳು. ಕಂಬ ಹಿಡಿದಳು, ಕಂಬ ಬಿಟ್ಟಳು. ಅಂಗಳಕ್ಕೆ ಇಳಿದಳು. ವೀರಪ್ಪ ಹಿಡಿಯಲು ಮುಂದೆ ಹೋದವನು ಪರಸಪ್ಪ ಹಿಂದಿನಿಂದ ಅಂಗಿ ಜಗ್ಗಿದ್ದಕ್ಕೆ ನಿಂತ. ಅಕ್ಕವ್ವ ಸೊಸೆಗೆ ಬೈಯುತ್ತಲೇ ನಡೆದು ಹೋಗಿ, ಕಲ್ಲಿನ ಎದುರು ಕುಕ್ಕರಿಸಿ ಕೂತು, ಮೇಲಿನ ಕಲ್ಲು ಎತ್ತಿಸಿ ಸಿಂಬಿ ಸರಿಮಾಡಿ, ಹಿಡಿಕೆಗೆ ಕೈ ಹಾಕಿದಳು. ಆ ಮೇಲಷ್ಟೇ ಸುತ್ತಲಿನ ನಿಶ್ಶಬ್ದ ಅವಳಿಗೆ ಕೇಳಿಸಿತು.

"ಹದಿನಾಕು," ಅಂದ ಪರಸಪ್ಪ ಮೆಲ್ಲಗೆ. "ನಾ ಎಣಸೇನಿ. ಹದಿನಾಕು ಹೆಜ್ಜಿ."

ದುರ್ಗಪ್ಪ ತಲೆ ಕೆಳಗೆ ಹಾಕಿ ಕೂತಿದ್ದಾನೆ. ಕಣ್ಣಿಗೆ ಕಲ್ಲಿನ ಪುಡಿ ಬಿದ್ದವರಂತೆ ಒರೆಸಿಕೊಳ್ಳುತ್ತಾನೆ. ಆಮೇಲೆ ಎದ್ದು ನಿಂತು ಹೇಳುತ್ತಾನೆ, "ಯಜಮಾನ್ರ, ಬೇವಿನ ಗಿಡಾ ಇನ್ನೂ ಆರ ಹೆಜ್ಜಿ ಐತಿ. ಮಾತಂದ್ರ ಮಾತು. ನಾ ಸೋತೇನ್ರಿ. ಕಲ್ಲು ಸಪಾಟ ಮಾಡ್ತೇನಿ."

ಅಕ್ಕವ್ವ ಎರಡೂ ಕೈಯನ್ನು ಕಲ್ಲಿನ ಮೇಲೆ ಚಾಚಿ ಇಟ್ಟಳು, ಮೊಮ್ಮಗನನ್ನು ತಬ್ಬಿದಂತೆ. "ಯಾಂವ ಮುಟ್ಟತಾನ ಮುಟ್ಟಲಿ, ನೋಡ್ತೇನಿ. ಬಚ್ಚಲಕ್ಕ ಕಲ್ಲು ಬೇಕಾದ್ರ ಹಳ್ಳದಾಗ ಬೇಕಾದಷ್ಟು ಬಿದ್ದಾವ. ಇದರ ಮ್ಯಾಲ ಯಾರರ ಕಾಲಿಟ್ರ, ಆ ಕಾಲು ನನ್ನ ಮನಿ ಹೊಸ್ತಿಲ ದಾಟೂದಿಲ್ಲ."

ವೀರಪ್ಪ ಜೋರಾಗಿ ನಕ್ಕುಬಿಟ್ಟ. ತಾಯಿ ಹೀಗೆ ಬೈದು ಎಷ್ಟು ದಿನವಾಗಿತ್ತೋ ಏನೋ, ನಗುತ್ತ ನಗುತ್ತ ಅವನ ಧ್ವನಿ ಒಡೆಯಿತು. "ಮೆಟ್ಟಲಾ ಬ್ಯಾರೆ ತರ್ತೇನ್ಬೇ," ಅಂದ. "ದುರ್ಗಪ್ಪಾ, ನಿನ್ನ ಅಗಲ ಚಾಣ ಒಳಗ ಇಡು. ಸಣ್ಣದು ತೆಗಿ."

ಸಣ್ಣ ಚಾಣ ಹೊರಬಂತು. ಆದರೆ ಕೆಲಸಕ್ಕೆ ಮೊದಲು ಪದ್ಧತಿ ಬಿಡುವಂತಿಲ್ಲ. "ಬಾಯಿ ತೆಗೀರಿ ಆಯಿ." ಅಕ್ಕವ್ವ ಈ ಸಲ ತಕರಾರು ಮಾಡದೆ ತೆಗೆದಳು. ದುರ್ಗಪ್ಪ ಎಣಿಸಿದ, ಮತ್ತೆ ಎಣಿಸಿದ.

"ಎರಡ ಅದಾವಲ್ರಿ. ಹೋದ ತಿಂಗಳು ಮೂರಿದ್ದುವು."

"ಒಂದು ನಿನ್ನ ನುಚ್ಚಿನ್ಯಾಗ ಹೋತು. ಕಡದೆ, ಕಟಕ್ ಅಂತು. ಕಲ್ಲಿನ ಹರಳು."

ದುರ್ಗಪ್ಪ ಸಾವಿತ್ರವ್ವನ ಕಡೆ ನೋಡಿದ. ಹೊಸದಾಗಿ ಮುಳ್ಳು ಹಾಕಿದ ಕಲ್ಲಿನಲ್ಲಿ ಮೊದಲ ಎರಡು ಹಿಡಿ ಬೀಸಿದ್ದನ್ನು ಕೋಳಿಗೆ ಹಾಕಬೇಕು, ಹರಳೆಲ್ಲ ಅದರಲ್ಲಿ ಹೋಗುತ್ತದೆ ಎಂದು ಹೋದ ಸಲ ಎರಡೆರಡು ಬಾರಿ ಹೇಳಿದ್ದ. ಸಾವಿತ್ರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಕಾಳು ಹಾಳಾಗತೈತಿ ಅಂತ... ನೀರಾಗ ಜಾಲಿಸಿ ಹಾಕಿದ್ದೆ ಅಣ್ಣಾ."

"ಹೋಗ್ಲಿ ಬಿಡು," ಅಂದಳು ಅಕ್ಕವ್ವ. "ಅದೂ ಅಲಗ್ಯಾಡತಿತ್ತು. ಅದು ಹೋದಾಗಿಂದ ಊಟ ಇನ್ನೂ ಸಸಾರ ಇಳೀತೈತಿ."

ಏಳುನೂರು ಪೆಟ್ಟಿಗೆ ಬಿಸಿಲು ಬೇವಿನ ನೆತ್ತಿಗೆ ಬಂತು. ಈ ಸಲ ಗುಳಿಗಳು ಇನ್ನೂ ಒತ್ತೊತ್ತು, ಎರಡು ಹಲ್ಲಿನ ಅಳತೆಗೆ. ಮೊದಲ ಎರಡು ಹಿಡಿಯನ್ನು ಸಾವಿತ್ರವ್ವ ಎಲ್ಲರ ಕಣ್ಣೆದುರೇ ಕೋಳಿಗೆ ಚೆಲ್ಲಿದಳು. ಮಧ್ಯಾಹ್ನ ಪಡಸಾಲೆಯ ಕಟ್ಟೆಯ ಮೇಲೆ ತಾಟುಗಳು ಬಂದವು: ನುಚ್ಚು, ಮಜ್ಜಿಗೆ, ಮೆತ್ತಗೆ ಬೆಂದ ಪುಂಡಿಪಲ್ಯ, ಗುರೆಳ್ಳಿನ ಹಿಂಡಿ. ಎಂದಿನಂತೆ ಬೇವಿನ ಕೆಳಗೆ ತನ್ನ ಚರಗಿ ಹಿಡಿದು ಕೂರಲು ಹೊರಟ ದುರ್ಗಪ್ಪನನ್ನು ಅಕ್ಕವ್ವ ಕರೆದಳು.

"ಎಲ್ಲಿ ಹೊಂಟಿ? ಇಲ್ಲೇ ಕುಂಡ್ರು, ನನ್ನ ಎದರಿಗಿ. ನೀ ಹೆಂಗ ಅಗೀತಿ ನಾನೂ ನೋಡ್ಬೇಕಲಾ. ನಿಂದ ಹಲ್ಲು ಎಷ್ಟ?"

ದುರ್ಗಪ್ಪ ವೀರಪ್ಪನ ಮುಖ ನೋಡಿದ. ವೀರಪ್ಪ ಬೇರೆ ಕಡೆ ನೋಡಿ, ಆಮೇಲೆ ತಾನೇ ಒಂದು ಚಾಪೆ ಸರಿಸಿದ. ದುರ್ಗಪ್ಪ ಕೂತ. "ಹತ್ತೊಂಬತ್ತರಿ," ಅಂದ.

"ಶ್ರೀಮಂತ ಅದಿ," ಅಂದಳು ಅಕ್ಕವ್ವ.

ಹೊತ್ತು ವಾಲುತ್ತಿರುವಾಗ ಪರಸಪ್ಪ ಅವನನ್ನು ಓಣಿಯ ತುದಿಯವರೆಗೆ ಕಳಿಸಲು ಬರುತ್ತಾನೆ. ತಿರುವಿನಲ್ಲಿ ದುರ್ಗಪ್ಪ ನಿಲ್ಲುತ್ತಾನೆ, ಕತ್ತು ವಾರೆ ಮಾಡುತ್ತಾನೆ. ಗಾಣದ ಗದ್ದಲದ ನಡುವೆಯೂ ಸದ್ದು ಕೇಳುತ್ತಿದೆ. ಕಲ್ಲು ತಿ‌ರುಗುತ್ತಿದೆ. ಒಂದು ಕೈ ಜೋರು, ಒಂದು ಕೈ ನಿಧಾನ. ಎರಡೂ ಕೂಡಿ ಒಂದೇ ಸುತ್ತು.

"ಅಲ್ಲೋ ದುರ್ಗಪ್ಪಾ, ಊರ ತುಂಬ ಹಲ್ಲು ಎಣಸ್ಕೊಂತ ಅಡ್ಡ್ಯಾಡತಿ. ನಿನಗೇನ್ ಬೇಕು ಅಂತ ಯಾರರ ಕೇಳ್ಯಾರೇನು?" ಅನ್ನುತ್ತಾನೆ ಪರಸಪ್ಪ.

ದುರ್ಗಪ್ಪ ಚೀಲವನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸುತ್ತಾನೆ. "ಮನ್ಯಾಗ ಸಾತವ್ವನ ಕಲ್ಲು ಸವದ ಎರಡ ವರ್ಷಾತ್ರಿ. ಊರ ಕಲ್ಲಿಗೆಲ್ಲಾ ಮುಳ್ಳು, ನನ್ನ ಕಲ್ಲು ಕನ್ನಡಿ ಅಂತಾಳ. ಈ ಸಲ ಹುಕ್ಕೇರಿ ಕಡಿ ಹೋಗೂದಕಿಂತ ಮೊದಲ ಆಕೀದ ಕಟೀತೇನಿ." ನಾಲ್ಕು ಹೆಜ್ಜೆ ನಡೆದವನು ತಿರುಗಿ ನಿಂತು, ನಾಚಿಕೊಂಡವನಂತೆ ನಗುತ್ತಾನೆ. "ಖರೆ ಹೇಳ್ಬೇಕಂದ್ರ, ಎರಡೂ ಸೀಮ್ಯಾಗಿನ ಹಲ್ಲೆಲ್ಲಾ ಎಣಸೇನ್ರಿ. ಆಕೀವು ಎಷ್ಟ ಅದಾವ ನನಗ ಗೊತ್ತಿಲ್ಲ. ಬಾಯಿ ತೆಗಿ ಅಂದ್ರ ಬೈತಾಳ. ಬೈಯುವಾಗನ ಎಣಸ್ಕೋಬೇಕು."